ವೈನಿಯ ಪುಸ್ತಕದ ರಾಶಿ

ತನ್ನ ಪುಸ್ತಕವನ್ನು ಯಾರೂ ಕೊಳ್ಳದಂತೆ ನೋಡಿಕೊಳ್ಳಲು ನಮ್ಮ ವೈನಿಯಷ್ಟು ಬೆವರು ಸುರಿಸಿದ ಲೇಖಕರು ಕನ್ನಡದಲ್ಲಿ ಇನ್ನೊಬ್ಬರಿಲ್ಲ!

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಗಡಿಯಾಚೆ, ಮರಾಠಿ ನಾಡಿನ ಗಡಹಿಂಗ್ಲಜದ ನಮ್ಮ ಮೆಣಸಿನಕಾಯಿ ವ್ಯಾಪಾರದ ಮನೆಗೆ ಸಂಕೇಶ್ವರದಿಂದ ಸೊಸೆಯಾಗಿ ಬಂದವರು. ಮೊಮ್ಮಕ್ಕಳಾದ ಮೇಲೆ ಆ ಮನೆಯ ಕುರಿತೇ ಒಂದು ಪುಸ್ತಕ ಬರೆದರು. ಊರಿನ ಪುಸ್ತಕ ಮಹೋತ್ಸವದಲ್ಲಿ ಅವರಿಗೊಂದು ಮೇಜು ಸಿಕ್ಕಿತು. ನಾನು ಕನ್ನಡ ಶಾಲೆಯ ನಿವೃತ್ತ ಡ್ರಿಲ್ ಮಾಸ್ತರ. ವ್ಯವಸ್ಥೆಯನ್ನು ಇನ್ನಾರಿಗೆ ಬಿಡಲಿ? ಬಾಗಿಲು ತೆರೆಯುವ ಮೊದಲೇ ಹೋಗಿ, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿದೆ.

ವೈನಿ ಬಂದವರೇ ಸಾಲು ಕೆಡವಿ ಎಲ್ಲವನ್ನೂ ಗುಡ್ಡೆ ಹಾಕಿದರು.

“ಏನ್ ಮಾಡಾಕತ್ತೀರಿ ವೈನಿ?”

“ರಾಶಿ ಇದ್ರನ ಜನ ನಿಂತು ನೋಡ್ತಾರ್ರಿ ಮಾಸ್ತರ. ಸಾಲಾಗಿ ನಿಂತಿದ್ದನ್ನ ನಿಮ್ಮ ಹೆಡ್‌ಮಾಸ್ತರ ಒಬ್ರ ನೋಡ್ತಿದ್ರು!” ಎಂದವರು ದನಿ ಇಳಿಸಿ, “ನಿಮ್ಮ ಅಣ್ಣಾರು ಬರ್ತೀನಿ ಅಂದಾರೇನ್ರಿ?” ಎಂದು ಕೇಳಿದರು.

ವಿಷಯ ಇದ್ದದ್ದೇ ಅಲ್ಲಿ. ಅಣ್ಣ ಕಲಿತದ್ದು ಮರಾಠಿ ಶಾಲೆಯಲ್ಲಿ. ಮನೆಮಾತು ಕನ್ನಡವಾದರೂ ಕನ್ನಡದ ಅಕ್ಷರ ಬಾರದು. ಪುಸ್ತಕ ಅಚ್ಚಾಗಿ ಬಂದ ದಿನ ಅಂಗೈಯಲ್ಲಿಟ್ಟು ತೂಗಿ, “ಹಗುರ ಐತಿ” ಎಂದು ಪೇಟೆಗೆ ಹೊರಟುಬಿಟ್ಟಿದ್ದ! ಊರೆಲ್ಲ ಹೊಗಳಲಿ ಎಂಬ ಆಸೆ ವೈನಿಗಿರಲಿಲ್ಲ. ಆ ಒಬ್ಬ ಮನುಷ್ಯ ಏನನ್ನುತ್ತಾನೆ ಎಂಬುದಷ್ಟೇ ಬೇಕಿತ್ತು.

“ಪೇಟ್ಯಾಗ ಮಾಲ್ ಬಂದೈತಂತ್ರಿ” ಎಂದೆ. ವೈನಿ ಸೆರಗು ಬಿಗಿದು ಗಿರಾಕಿಗಳತ್ತ ತಿರುಗಿದರು.

ಮೊದಲು ಬಂದವರು ಇಚಲಕರಂಜಿಯ ಒಬ್ಬ ಪ್ರಾಧ್ಯಾಪಕರು. ಮೊದಲ ಪುಟ ತೆರೆದರೋ ಇಲ್ಲವೋ, ವೈನಿ ಪುಸ್ತಕ ಕಿತ್ತುಕೊಂಡರು!

“ಮ್ಯಾಲಿನ ಕಾಯಿ ಎಲ್ಲಾರೂ ಛಂದನ ಇಟ್ಟಿರ್ತಾರ್ರಿ ಸರ್. ಚೀಲದ ನಡುವ ಕೈ ಹಾಕ್ರಿ. ಅಲ್ಲಿ ಖಾರ ಇದ್ರ ಒಯ್ಯಿರಿ.”

ಪಾಪ, ಅವರು ನಡುವೆ ತೆರೆದು ಓದಿ ಗಹಗಹಿಸಿ ನಕ್ಕರು. ಜೇಬಿಗೆ ಕೈ ಹಾಕಿದರು. ಸಾಕಲ್ಲವೇ? ಸಾಲದು!

“ಒಂದ ಕಾಯಿ ಮುರದು ಯಾರರ ಮಾಲ್ ತಗೋತಾರೇನ್ರಿ? ಇನ್ನೊಂದ್ ಕಡೆ ತಗದ್ ನೋಡ್ರಿ.”

ಹೀಗೆ ನೋಡುತ್ತ ನೋಡುತ್ತ ಅವರಿಗೆ ಬಸ್ಸಿನ ನೆನಪಾಗಿ, ಪುಸ್ತಕ ಅಲ್ಲೇ ಬಿಟ್ಟು ಓಡಿದರು.

ಆಮೇಲೆ ಬಂದವರಲ್ಲಿ ಮುಕ್ಕಾಲು ಮಂದಿ ಅಣ್ಣನಂಥವರೇ. “ವಾಚಾಯಲಾ ಯೇತ್ ನಾಹೀ, ವೈನಿ. ಓದಾಕ ಬರಂಗಿಲ್ಲ, ಕೇಳಿದ್ರ ತಿಳೀತೈತಿ” ಎನ್ನುವವರು. ಅದಕ್ಕೇನಂತೆ! ಅವರು ಬೆರಳಿಟ್ಟ ಪುಟವನ್ನು ವೈನಿಯೇ ಗಟ್ಟಿಯಾಗಿ ಓದಿದರು. ಗುಂಪು ಸೇರಿತು. ದಾರಿ ಕಟ್ಟಿತೆಂದು ಜಗಳಕ್ಕೆ ಬಂದ ಪಕ್ಕದ ಮಳಿಗೆಯವನು ನನ್ನ ಕುರ್ಚಿಯಲ್ಲೇ ಕುಳಿತು ಕೇಳತೊಡಗಿದ! ನಾನು ಸೀಟಿ ಊದಿ ಸಾಲು ಮಾಡಿಸಿದೆ. ಸಾಲು ಅಚ್ಚುಕಟ್ಟಾಗಿಯೇ ನಿಂತಿತು. ಆದರೆ ಕೊಳ್ಳಲಿಕ್ಕಲ್ಲ, ಕೇಳಲಿಕ್ಕೆ! ಆದರೂ ಹೇಳುತ್ತೇನೆ, ಇಡೀ ಮಹೋತ್ಸವದಲ್ಲಿ ಅಂಥ ನಗು ಬೇರೆಲ್ಲೂ ಕೇಳಲಿಲ್ಲ.

ಸಂಜೆಯ ಹೊತ್ತಿಗೆ ವೈನಿಯ ಗಂಟಲು ಪೂರ್ತಿ ಕಟ್ಟಿತು. ಅದೇ ಹೊತ್ತಿಗೆ ಅಣ್ಣ ಬರಬೇಕೇ! ಅಂಗಿಯ ತುಂಬ ಮೆಣಸಿನ ಧೂಳು. ವೈನಿ ಏನೋ ಹೇಳಹೋದರು, ದನಿ ಹೊರಡಲಿಲ್ಲ. ಕೋವಾಡದ ಹೆಣ್ಣುಮಗಳೊಬ್ಬಳು ಪುಸ್ತಕದ ನಡುವೆ ಬೆರಳಿಟ್ಟು ಕಾಯುತ್ತಿದ್ದಳು. ವಿಧಿಯಿಲ್ಲದೆ ನಾನೇ ಓದತೊಡಗಿದೆ: “ಸುಗ್ಗಿಯಲ್ಲಿ ನಮ್ಮ ಮನೆಗೆ ಬಂದ ಬೀಗರು...”

“ಏ, ಓದಾಕತ್ತಿಯೋ ಕವಾಯತು ಮಾಡಸಾಕತ್ತಿಯೋ?” ಎಂದ ಅಣ್ಣ, ಪುಸ್ತಕದತ್ತ ನೋಡದೆಯೇ ಮುಂದುವರಿಸಿದ: “ಬೀಗರು ಮಾತಾಡುವುದಕ್ಕಿಂತ ಸೀನುವುದೇ ಹೆಚ್ಚು.”

ನಾನು ಬೆಪ್ಪಾದೆ. “ನಿನಗ ಹೆಂಗ ಗೊತ್ತೋ ಅಣ್ಣಾ?”

“ಇಕಿ ಬಾಯಿಲೆ ಹೇಳ್ಕೋತ ಬರೀತಾಳ. ನಾ ಪಡಸಾಲ್ಯಾಗ ಕುಂತು ಎಲ್ಲಾ ಕೇಳೀನಿ” ಎಂದು ಮತ್ತೆ ಶುರು ಮಾಡಿದ.

ನಾನು ಸಾಲಿನ ಮೇಲೆ ಬೆರಳಿಟ್ಟು ತಾಳೆ ನೋಡುತ್ತ ಹೋದೆ. ಒಂದು ಅಕ್ಷರ ತಪ್ಪಿಲ್ಲ! “ಹೊಸದಾಗಿ ಬಂದಾಗ ತವರು ನೆನೆದು ಅತ್ತರೆ, ಮೆಣಸಿನ ಘಾಟೆಂದೇ ಮನೆಯವರೆಲ್ಲ ತಿಳಿದರು.” ಅಧ್ಯಾಯ ಅಲ್ಲಿಗೆ ಮುಗಿದಿತ್ತು. ಅಣ್ಣ ಮುಗಿಸಲಿಲ್ಲ.

“ಒಬ್ಬರು ಮಾತ್ರ ಹಾಗೆ ತಿಳಿಯಲಿಲ್ಲ” ಎಂದ.

ಪುಟ ತಿರುವಿ ನೋಡಿದೆ. ಆ ಸಾಲು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ವೈನಿ ತಲೆ ತಗ್ಗಿಸಿ, ಇದ್ದಷ್ಟು ದನಿಯಲ್ಲಿ, “ಅದನ್ನ ನಾ ಹೊಡದ್ ಹಾಕಿದ್ನೆಲ್ರೀ” ಎಂದರು.

“ಯಾಕ ಹೊಡದ್ ಹಾಕಿದಿ?” ಎಂದ ಅಣ್ಣ. “ಎಲ್ಲಾದ್ರಾಗ ಅದ ಭಾಳ ಛಲೋ ಇತ್ತು.”