ಪಾನಕದ ಹೂಜಿಯಲ್ಲಿ ಕೆಂಪು ವೈನು

ಊಟದ ವಿಷಯದಲ್ಲಿ ನಾನು ತೀರಾ ಸಂಪ್ರದಾಯಸ್ಥ. ಇಡ್ಲಿಗೆ ಚಟ್ನಿ, ಹೋಳಿಗೆಗೆ ತುಪ್ಪ, ರೊಟ್ಟಿಗೆ ಎಣ್ಣೆಗಾಯಿ ಎಂದು ಹಿರಿಯರು ಜೋಡಿಗಳನ್ನೆಲ್ಲ ಮೊದಲೇ ನಿಶ್ಚಯ ಮಾಡಿಟ್ಟಿರುವಾಗ ನಾನೇಕೆ ತಲೆ ಕೆಡಿಸಿಕೊಳ್ಳಲಿ? ಮದುವೆಯಲ್ಲೂ ಹಾಗೆಯೇ ಆಯಿತು. ಹಿರಿಯರು ತೋರಿಸಿದರು, ನಾನು ಒಪ್ಪಿದೆ. ಶೈಲಜಾ ಏಕೆ ಒಪ್ಪಿದಳೆಂದು ಕೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ. ಇಂಥ ನನ್ನ ತಲೆಯ ಮೇಲೆ, ಕೆಂಪು ವೈನಿಗೆ ಯಾವ ಅಡುಗೆ ಹೊಂದುತ್ತದೆಂದು ಕಂಡುಹಿಡಿಯುವ ಹೊಣೆ ಬಿತ್ತು. ನನ್ನ ಸಂಸಾರ ಒಂದೇ ಊರಿನಲ್ಲಿರಬೇಕೋ ಎರಡು ಊರಿಗೆ ಹಂಚಿಹೋಗಬೇಕೋ ಎಂಬುದೂ ಅದರ ಮೇಲೆಯೇ ನಿಂತಿತ್ತು.

ನಾನು ಕೆಲಸ ಮಾಡುವುದು ದಿಲ್ಲಿಯ ಹೊರಗೆ ಮಾನೇಸರಿನಲ್ಲಿ, ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ. ಹೆಂಡತಿ ಶೈಲಜಾ ಕೇಂದ್ರ ಸರ್ಕಾರದಲ್ಲಿ ಅಧಿಕಾರಿ. ದಿಲ್ಲಿಯ ಕಿದ್ವಾಯಿ ನಗರದ ಮನೆ ಸಿಕ್ಕಿರುವುದು ಅವಳ ನೌಕರಿಗೆ; ನಾನು ಅದರಲ್ಲಿ ವಾಸಿಸುವ ಅವಲಂಬಿತರಲ್ಲಿ ಒಬ್ಬ. ನಮ್ಮ ಕಾರ್ಖಾನೆ ಗುಜರಾತಿನಲ್ಲಿ ಹೊಸ ಘಟಕ ತೆರೆಯುವುದಿತ್ತು, ಅಲ್ಲಿಗೆ ಕಳಿಸುವವರ ಮಾತು ಬಂದಾಗಲೆಲ್ಲ ನನ್ನ ಹೆಸರೂ ಬರುತ್ತಿತ್ತು. ಶೈಲಜಾ ನೌಕರಿ ಬಿಡುವಂತಿಲ್ಲ, ಮಗಳು ಪೂರ್ವಿ ಹನ್ನೆರಡನೆಯ ಕ್ಲಾಸು. ಅಲ್ಲಿ ನಾನೊಬ್ಬನೇ ಕುಕ್ಕರಿನ ಮುಂದೆ ನಿಂತು ಸೀಟಿ ಎಣಿಸುವ ಚಿತ್ರ ಆಗಾಗ ಕಣ್ಣಿಗೆ ಬರುತ್ತಿತ್ತು. ತೀರ್ಮಾನಿಸಬೇಕಾದವರು ನಮ್ಮ ಮೇಲಧಿಕಾರಿ ಮೆಹ್ರಾ ಸಾಹೇಬರು. ಬಾಯಿಬಿಟ್ಟು ಕೇಳಲು ಸಂಕೋಚವಾಗಿ ಅವರನ್ನು ಊಟಕ್ಕೆ ಕರೆದೆ.

"ಅಚ್ಛಾ! ಚಲೋ ರಾವ್, ವೈನ್ ನನ್ನದು," ಎಂದು ಅವರು ಹಿಂದಿಯಲ್ಲಿ ಸಾರಿದರು. "ಒಂದೇ ತೋಟದ ದ್ರಾಕ್ಷಿಯದು. ಎಷ್ಟೋ ವರ್ಷದಿಂದ ಮಲಗಿಸಿ ಇಟ್ಟಿದ್ದೇನೆ. ಅದರ ಗತ್ತಿಗೆ ತಕ್ಕ ಊಟ ನಿನ್ನದು."

ಒಂದೇ ತೋಟದ ಕಾಫಿಬೀಜವೆಂದು ಬೀಗುವವರನ್ನು ನಾನು ಕಂಡಿದ್ದೇನೆ, ಆದರೆ ಅವರಾರೂ ಅದನ್ನು ಮಗುವಿನಂತೆ ಮಲಗಿಸಿದ್ದು ಕಾಣೆ. ಮೊಬೈಲಿನಲ್ಲಿ ಹುಡುಕಿದೆ. ಇಂಥ ಗಡಸು ವೈನಿಗೆ ಕುರಿಮಾಂಸ ಒಳ್ಳೆಯದು, ಇಲ್ಲವಾದರೆ ಹಳೆಯ ಚೀಸ್ ಎಂದಿತ್ತು. ನಮ್ಮ ಮನೆಯಲ್ಲಿ ಏಕಾದಶಿಯಂದು ಈರುಳ್ಳಿಗೂ ಪ್ರವೇಶವಿಲ್ಲ. ಪೂರ್ವಿಯನ್ನು ಕೇಳಿದರೆ, "ಅಪ್ಪಾ, ರೆಡ್ ವೈನಲ್ಲಿ ಟ್ಯಾನಿನ್ ಇರತ್ತೆ. ಮತ್ಲಬ್, ನಾಲಿಗೆ ಡ್ರೈ ಆಗತ್ತಲ್ಲ, ವೋ," ಎಂದಳು. ಅಡುಗೆಮನೆಯಿಂದ ಶೈಲಜಾ, "ಒಗರು ಅನ್ನೇ. ಅದಕ್ಕೆ ಇಷ್ಟು ರಾದ್ಧಾಂತನಾ? ಬದನೆಕಾಯಿ ಎಣ್ಣೆಗಾಯಿ ಮಾಡ್ತೀನಿ. ಎಣ್ಣೆ, ಕಡಲೆಕಾಯಿ, ಕೊಬ್ಬರಿ ಧಾರಾಳವಾಗಿ ಬಿದ್ರೆ ಒಗರು ತಾನಾಗೇ ಸುಮ್ಮನಾಗತ್ತೆ. ನೀವು ಎಳೇ ಬದನೆಕಾಯಿ ತನ್ನಿ ಸಾಕು," ಎಂದಳು. ಅಧಿಕಾರಿಯ ಆಜ್ಞೆ ಬಂದ ಮೇಲೆ ನನ್ನ ಸಂಶೋಧನೆ ಮುಗಿಯಿತು.

ಶನಿವಾರ ಮಧ್ಯಾಹ್ನ ನಾನು ಮಾರುಕಟ್ಟೆಗೆ ಹೋದೆ. ತರಕಾರಿ ಮಾರುವ ಭಯ್ಯಾ ಗುಡ್ಡೆ ಹಾಕಿದ್ದ ಬದನೆಕಾಯಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಅವನಿಂದ ಬೈಸಿಕೊಂಡು ವಾಪಸಾದೆ. ಅಷ್ಟರಲ್ಲಿ ಸಾಹೇಬರ ಡ್ರೈವರ್ ವೈನಿನ ಬಾಟಲಿ ತಂದು, ಬಿರಡೆಯನ್ನೂ ತೆಗೆದುಕೊಟ್ಟು, ಗಾಳಿಯಾಡಲು ಬಿಡಬೇಕಂತೆ ಎಂದು ಹೇಳಿ ಹೋಗಿದ್ದ. ಅಡುಗೆಮನೆಗೆ ಕಾಲಿಟ್ಟರೆ ಬಾಟಲಿ ಸೋಪಿನಲ್ಲಿ ಮಿಂದು ಕಟ್ಟೆಯ ಮೇಲೆ ತಲೆಕೆಳಗಾಗಿ ನಿಂತಿದೆ. ಪಕ್ಕದಲ್ಲಿ, ರಾಮನವಮಿಯ ಪಾನಕಕ್ಕೆಂದೇ ಇಟ್ಟ ನಮ್ಮ ಸ್ಟೀಲಿನ ಹೂಜಿಯ ತುಂಬ ಕಡುಕೆಂಪು ದ್ರವ.

"ಏನೇ ಇದು?" ಎಂದೆ.

"ತಳದಲ್ಲೆಲ್ಲ ಗಸಿ ರೀ. ಕಾಫಿಗೇ ಗಸಿ ಬಂದ್ರೆ ಮುಖ ಸಿಂಡರಿಸ್ತೀರ, ಇನ್ನು ಬಂದವರಿಗೆ ಗಸಿ ಕೊಡೋಕಾಗತ್ತಾ? ಹೊಸ ಮಲ್ ಬಟ್ಟೇಲಿ ಸೋಸಿದ್ದೀನಿ. ಗಸೀನ ಕರಿಬೇವಿನ ಗಿಡಕ್ಕೆ ಹಾಕ್ದೆ. ಬಾಟ್ಲಿ ಚೆನ್ನಾಗಿದೆ, ಮನಿಪ್ಲಾಂಟ್‌ಗಾಗತ್ತೆ."

ನಾನು ಸ್ಟೂಲಿನ ಮೇಲೆ ಕುಸಿದೆ. ಸಾಹೇಬರು ವರ್ಷಗಟ್ಟಲೆ ಮಲಗಿಸಿದ್ದನ್ನು ನನ್ನ ಹೆಂಡತಿ ಎಬ್ಬಿಸಿ, ಹಿಂಡಿ, ಸೋಸಿ, ಉಳಿದದ್ದನ್ನು ಒಗ್ಗರಣೆ ಗಿಡಕ್ಕೆ ಉಣಿಸಿದ್ದಳು. ಯಾರಿಗೂ ತಿಳಿಯದಂತೆ ಮತ್ತೆ ಬಾಟಲಿಗೆ ಸುರಿಯೋಣವೆಂದರೆ ಅದು ಲಿಂಬೆ ಸೋಪಿನ ಪರಿಮಳ ಬೀರುತ್ತಿತ್ತು. ಗುಜರಾತಿಗೆ ಯಾವ ಸೂಟ್‌ಕೇಸ್ ಒಯ್ಯಬೇಕೆಂದು ನಾನು ಆಗಲೇ ಯೋಚಿಸತೊಡಗಿದೆ.

ಸಂಜೆ ಮೆಹ್ರಾ ಸಾಹೇಬರು ಬಂದವರೇ ಸೋಫಾದ ಮೇಲೂ ಕೂರದೆ, "ಬಾಟಲಿ ಎಲ್ಲಿ?" ಎಂದರು. ನಾನು ಹೂಜಿಯ ಕಡೆ ಕೈ ತೋರಿಸಿದೆ. ಅವರು ಬಗ್ಗಿ ನೋಡಿದರು, ಮೂಸಿದರು, ಲೋಟಕ್ಕೆ ಸ್ವಲ್ಪ ಬಗ್ಗಿಸಿ ಬೆಳಕಿಗೆ ಹಿಡಿದರು. ನಾನು ಗೋಡೆ ನೋಡಿದೆ.

"ಕಿಸ್ನೇ ಛಾನಾ?" ಯಾರು ಸೋಸಿದ್ದು?

"ನಾನೇ," ಎಂದು ಶೈಲಜಾ ಹಿಂದಿಯಲ್ಲಿ ನೇರವಾಗಿ ಹೇಳಿದಳು. ಸರ್ಕಾರಿ ಕಡತದ ಮೇಲೆ ಸಹಿ ಮಾಡಿದಷ್ಟೇ ನಿರಾಳವಾಗಿ.

ಸಾಹೇಬರು ದೊಪ್ಪನೆ ಕುರ್ಚಿಯಲ್ಲಿ ಕುಳಿತು ನಕ್ಕರು. "ಭಾಭೀಜೀ, ಬಚಾ ಲಿಯಾ ಆಪ್‌ನೇ! ಉಳಿಸಿಬಿಟ್ಟಿರಿ! ಹಳೆಯ ವೈನಿನ ಗಸಿ ಹೀಗೆಯೇ ತೆಗೆಯಬೇಕು. ಕಾರಿನಲ್ಲಿ ಕುಲುಕಿ ಎಲ್ಲ ಕದಡಿಹೋಗಿರುತ್ತೆ, ಇವರು ಹಾಗೇ ಲೋಟಕ್ಕೆ ಸುರಿಯುತ್ತಾರೆ ಎಂದು ಮಧ್ಯಾಹ್ನದಿಂದ ನನಗೆ ಸಮಾಧಾನವೇ ಇರಲಿಲ್ಲ!"

ಅಂದರೆ ಮಧ್ಯಾಹ್ನದಿಂದ ಒದ್ದಾಡಿದವನು ನಾನೊಬ್ಬನೇ ಅಲ್ಲ ಎಂದಾಯಿತು. ನನ್ನ ಎದೆಯ ಮೇಲಿನ ಚಪ್ಪಡಿಕಲ್ಲು ಇಳಿಯಿತು. ಆಮೇಲೆ ಜೋಳದ ರೊಟ್ಟಿ, ಎಣ್ಣೆಗಾಯಿ. ಸಾಹೇಬರು ಒಂದು ತುತ್ತು, ಒಂದು ಗುಟುಕು, ಕಣ್ಣು ಮುಚ್ಚುವುದು, ಮತ್ತೆ ತುತ್ತು. ನನಗೂ ಸ್ವಲ್ಪ ಬಗ್ಗಿಸಿದರು. ನಾಲಿಗೆಗೆ ಅದು ಅಜ್ಜಿಯ ಕಷಾಯದಂತಿತ್ತು. ಎಣ್ಣೆಗಾಯಿ ತಿಂದು ಮತ್ತೆ ಗುಟುಕರಿಸಿದರೆ ಕಷಾಯ ನಿಜಕ್ಕೂ ಮೆತ್ತಗಾಗಿತ್ತು. "ಹೇಗಿದೆ?" ಎಂದರು. "ಗತ್ತಿದೆ ಸರ್," ಎಂದೆ. ಆ ಕ್ಷಣದಲ್ಲಿ ನನಗೆ ಎಂಥ ಧೈರ್ಯ ಬಂದಿತ್ತೆಂದರೆ, ಸೋಸುವ ಉಪಾಯ ನನ್ನದೇ ಎಂದೂ ಹೇಳಿಬಿಡುತ್ತಿದ್ದೆ. ಶೈಲಜಾ ಎದುರಿಗೇ ಕುಳಿತಿದ್ದಳು.

ಹೊರಡುವಾಗ ಸಾಹೇಬರು ಲಿಫ್ಟಿನ ಬಳಿ ನನ್ನ ಹೆಗಲ ಮೇಲೆ ಕೈ ಹಾಕಿ, "ಗುಜರಾತಿಗೆ ಬೇರೆ ಯಾರನ್ನಾದರೂ ನೋಡುತ್ತೇನೆ," ಎಂದರು. ನನ್ನ ಕಣ್ಣು ತುಂಬಿತು. ಇಷ್ಟು ವರ್ಷದ ನನ್ನ ದುಡಿಮೆಯನ್ನು ಕೊನೆಗೂ ಗುರುತಿಸಿದರಲ್ಲ ಎಂದು ಕೈಮುಗಿದು, "ನಾನಿಲ್ಲದೆ ಇಲ್ಲಿನ ಕೆಲಸ ನಡೆಯುವುದು ಕಷ್ಟ ಎಂದು ತಾವು..." ಎಂದು ಶುರುಮಾಡಿದೆ.

"ಅರೇ, ಕೆಲಸ ಯಾರಿದ್ದರೂ ನಡೆಯುತ್ತೆ ರಾವ್," ಎಂದರು ಅವರು, ಲಿಫ್ಟಿನ ಬಾಗಿಲು ಮುಚ್ಚುವ ಮುನ್ನ. "ನಿನ್ನನ್ನು ಕಳಿಸಿಬಿಟ್ಟರೆ ಯಾವ ಮುಖ ಇಟ್ಟುಕೊಂಡು ಈ ಮನೆಗೆ ಊಟಕ್ಕೆ ಬರಲಿ?"

ಒಳಗೆ ಬಂದು ಶೈಲಜಾಗೆ, "ಆಯ್ತು ಕಣೇ, ನನ್ನ ಸರ್ವಿಸ್ ನೋಡಿ ಇಲ್ಲೇ ಉಳಿಸಿಕೊಂಡ್ರು," ಎಂದೆ. ಅವಳು ನಂಬಿದಂತೆ ತಲೆಯಾಡಿಸಿ, ಎಣ್ಣೆಗಾಯಿಯ ಬಾಣಲೆಯನ್ನು ತಿಕ್ಕಲು ನನ್ನ ಕೈಗೆ ಕೊಟ್ಟಳು. ತಳಕ್ಕೆ ಒಂದಿಷ್ಟು ಮಸಾಲೆ ಉಳಿದಿತ್ತು. ನನ್ನನ್ನು ಉಳಿಸಿದ್ದು ಯಾರೆಂದು ಗೊತ್ತಿದ್ದರಿಂದ, ನೀರು ಬಿಡುವ ಮೊದಲು ಅದನ್ನು ಬೆರಳಿನಲ್ಲಿ ಬಳಿದು ಭಕ್ತಿಯಿಂದ ನೆಕ್ಕಿದೆ.