ದೊಡ್ಡವ್ವ ಆಕ್ಸಲ್ ಬದಲಿಸಿದ್ದು

ನಮ್ಮ ದೊಡ್ಡವ್ವನಿಗೆ ತಲೆ ಕೆಟ್ಟಿದೆ ಎಂದು ನಾಗಪುರದ ನಮ್ಮ ಬಳಗದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ "ಸಾಬೀತು ಮಾಡು" ಅನ್ನುತ್ತಾಳೆಂಬ ಹೆದರಿಕೆ! ಅವ್ವನ ಅಕ್ಕ ಅವಳು. ಬದುಕೆಲ್ಲ ಶಾಲೆಯಲ್ಲಿ ಫಿಸಿಕ್ಸ್ ಕಲಿಸಿ ನಿವೃತ್ತಳಾದವಳು. ಬೇರೆಯವರು ನಿವೃತ್ತರಾದ ಮೇಲೆ ಭಜನಾಮಂಡಳಿ ಹುಡುಕುತ್ತಾರೆ, ಮಂಡಿನೋವಿಗೆ ಎಣ್ಣೆ ಹುಡುಕುತ್ತಾರೆ. ದೊಡ್ಡವ್ವ ಹುಡುಕಿದ್ದು ಕಾರಿನ ಹಿಂದಿನ ಆಕ್ಸಲ್ಲು!

ಕಾರೆಂದರೆ ಅವರ ಹಳೆಯ ಅಂಬಾಸಿಡರ್. ದೊಡ್ಡಪ್ಪ ರೇಲ್ವೆಯಲ್ಲಿದ್ದಾಗ ಕೊಂಡದ್ದು. ಓಡಿಸುವವಳು ಮಾತ್ರ ಮೊದಲಿನಿಂದಲೂ ದೊಡ್ಡವ್ವ. ವೇಗ ಐವತ್ತು ಮುಟ್ಟಿತೆಂದರೆ ಒಳಗೆ ಹಿಟ್ಟಿನ ಗಿರಣಿ ಶುರುವಾದ ಹಾಗೆ. ಮಾರಿಬಿಡಿ ಎಂದು ನಾವೆಲ್ಲ ಹೇಳಿ ಹೇಳಿ ಸಾಕಾಯಿತು.

"ಕಾರು ಚಲೋ ಐತಿ. ಹಿಂದಿನ ಆಕ್ಸಲ್ ಒಂದು ಬದ್ಲಿ ಮಾಡೂದೈತಿ. ಆವಾಜ ಕಮ್ಮಿ ಆಗ್ತೈತಿ" ಅಂದಳು ದೊಡ್ಡವ್ವ.

"ಒದರೂದು ಮುಂದಿನ ಇಂಜಿನ್ನು. ಹಿಂದಿನ ಆಕ್ಸಲ್ ಏನು ಪಾಪ ಮಾಡೈತಿ?" ಅಂದೆ ನಾನು.

ಕೇಳಬಾರದಿತ್ತು! ಕೂರಿಸಿ ಪಾಠ ಮಾಡಿದಳು. ಇಂಜಿನ್ನಿನ ಸುತ್ತು ಹಿಂದಿನ ಚಕ್ರಗಳಿಗೆ ಮುಟ್ಟುವುದು ಆಕ್ಸಲ್ಲಿನೊಳಗಿನ ಹಲ್ಲುಚಕ್ರಗಳ ಮೂಲಕ. ಚಕ್ರ ಒಂದು ಸುತ್ತು ಉರುಳಲು ಈ ಕಾರಿನ ಇಂಜಿನ್ನು ಐದು ಸುತ್ತು ಒದ್ದಾಡಬೇಕು. ಇದೇ ಕಾರಿನ ಆಮೇಲಿನ ಮಾದರಿಯೊಂದರ ಆಕ್ಸಲ್ ಹಾಕಿದರೆ ನಾಲ್ಕೇ ಸುತ್ತು ಸಾಕು. ಅದೇ ವೇಗದಲ್ಲಿ ಇಂಜಿನ್ನು ಸಮಾಧಾನವಾಗಿ ತಿರುಗುತ್ತದೆ. "ತಿಳೀತಿಲ್ಲೊ?" ಎಂದು ಅವಳು ಕೇಳಿದ ಮೇಲೆ ಇಲ್ಲ ಅನ್ನುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗಿದೆ?

ಪಾಠ ನಡೆದಷ್ಟು ಹೊತ್ತೂ ದೊಡ್ಡಪ್ಪ ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು. ಹೋದ ವರ್ಷ ಗಂಟಲಿನ ಆಪರೇಷನ್ ಆದಮೇಲೆ ಅವರ ದನಿ ನೂಲಿನಷ್ಟು ತೆಳ್ಳಗಾಗಿದೆ. ಮಾತಾಡುತ್ತಿದ್ದರೆ ಮಾತ್ರ ಸುಧಾರಿಸುತ್ತದೆ ಎಂದಿದ್ದರು ಡಾಕ್ಟರು. ಆದರೆ ಪ್ರತಿ ಮಾತಿಗೂ "ಏನು? ಏನಂದ್ರಿ?" ಎಂದು ಕೇಳುವ ನಮ್ಮಂಥವರ ನಡುವೆ ಯಾರಿಗೆ ತಾನೇ ಮಾತಾಡುವ ಹುಮ್ಮಸ್ಸು ಉಳಿದೀತು? ಅವರು ಕೈಸನ್ನೆಗೆ ಇಳಿದರು. ಆಮೇಲೆ ಅದೂ ಕಡಿಮೆಯಾಯಿತು. ಗಂಡ ಕಣ್ಣೆದುರಿಗೇ ಮೂಕನಾಗುತ್ತಿರುವಾಗ ಈಕೆಗೆ ಆಕ್ಸಲ್ಲಿನ ಚಿಂತೆಯೇ ಎಂದು ನನಗೆ ಒಳಗೊಳಗೇ ಸಿಟ್ಟಿತ್ತು.

ಆದರೂ ಅವಳನ್ನು ಕಳಮೇಶ್ವರದ ಗುಜರಿ ಅಂಗಡಿಗೆ ಕರೆದುಕೊಂಡು ಹೋದವನು ನಾನೇ. ರಾಶಿಯಲ್ಲಿ ಮೂರು ಆಕ್ಸಲ್ಲುಗಳಿದ್ದವು. ನಾಲ್ಕು ಸುತ್ತಿನದು ಯಾವುದೆಂದು ಗೊತ್ತಾಗಬೇಕಲ್ಲ? ದೊಡ್ಡವ್ವ ಸೆರಗು ಸಿಕ್ಕಿಸಿ ನೆಲಕ್ಕೆ ಕೂತು, ಸೀಮೆಸುಣ್ಣದಿಂದ ಒಂದೊಂದಕ್ಕೂ ಗುರುತು ಹಾಕಿ, ಕಣ್ಣು ಅರೆಮುಚ್ಚಿ, ಬಾಯಲ್ಲೇ ಎಣಿಸುತ್ತ ಮೆಲ್ಲಗೆ ತಿರುಗಿಸತೊಡಗಿದಳು. ಅಂಗಡಿಯವನು ನೋಡಿದ, ಚಪ್ಪಲಿ ಬಿಟ್ಟ, ಪಕ್ಕದಲ್ಲಿ ಕೈಮುಗಿದು ನಿಂತ. ಮೂರನೆಯದು ಮುಗಿದ ಮೇಲೆ, ತೆಂಗಿನಕಾಯಿ ತರಿಸಲೇ ಎಂದು ಮರಾಠಿಯಲ್ಲಿ ನನ್ನ ಕಿವಿಯಲ್ಲಿ ಕೇಳಿದ!

ಹೀಗೆ ಸಿಕ್ಕ ನಾಲ್ಕು ಸುತ್ತಿನ ಆಕ್ಸಲ್ಲನ್ನು ಕಾರಿಗೆ ಕೂಡಿಸಿದ ಮಿಸ್ತ್ರಿ ದೊಡ್ಡವ್ವನ ಹಳೆಯ ವಿದ್ಯಾರ್ಥಿ. ಪ್ರಶ್ನೆ ಕೇಳಿದ ಕೂಡಲೇ ಎದ್ದು ನಿಲ್ಲುವ ಅಭ್ಯಾಸ ಪಾಪ ಅವನನ್ನು ಇನ್ನೂ ಬಿಟ್ಟಿಲ್ಲ. ಕಾರಿನ ಕೆಳಗೆ ಅಂಗಾತ ಮಲಗಿದ್ದಾಗಲೂ ಮರಾಠಿಯಲ್ಲಿ ಹೌದೆನ್ನುತ್ತ "ಹೋ ಮ್ಯಾಡಂ" ಎಂದು ಏಳಲು ಹೋದ. ಆ ವಾರ ಅವನ ಹಣೆಗೆ ಎರಡು ಸಲ ಪಟ್ಟಿ ಹಾಕಬೇಕಾಯಿತು.

ಆಕ್ಸಲ್ ಬದಲಾದ ಸುದ್ದಿ ಸ್ಪೀಡ್ ಮೀಟರಿಗೆ ಮಾತ್ರ ತಲುಪಲಿಲ್ಲ. ಅದು ಹಳೆಯ ಲೆಕ್ಕದಲ್ಲೇ ಇತ್ತು. ಮುಳ್ಳು ನಲವತ್ತರಲ್ಲಿದ್ದರೆ ಐವತ್ತು ಎಂದು ಓದಿಕೊಳ್ಳಬೇಕೆಂದು ದೊಡ್ಡವ್ವ ಚೀಟಿ ಬರೆದು ಅಂಟಿಸಿದಳು. "ಸುಳ್ಳು ಹೇಳೂ ಮೀಟರ್ ಇಟಗೊಂಡು ಓಡಸ್ತೀಯಾ?" ಎಂದು ಗಾಬರಿಯಾದೆ.

"ಇದು ಸುಳ್ಳು ಹೇಳಿದ್ರೂ ಒಂದ ಪ್ರಮಾಣದಾಗ ಹೇಳತೈತಿ. ಮನಶ್ಯಾರು ಹಂಗಲ್ಲ" ಅಂದಳು.

ಮೊದಲ ಸವಾರಿ ಒಂದು ಭಾನುವಾರ ಬೆಳಿಗ್ಗೆ, ಸಾವನೇರ್‌ವರೆಗೆ ಹೋಗಿ ವಾಪಸ್. ದೊಡ್ಡಪ್ಪ ಇನ್ನೂ ಒಳಗೆ ಅಂಗಿ ಹಾಕಿಕೊಳ್ಳುತ್ತಿದ್ದರು. ಕಾರಿನ ಗಾಜು ಒರೆಸುತ್ತ ದೊಡ್ಡವ್ವ ನನ್ನ ಮುಖ ನೋಡದೆ ಹೇಳಿದಳು: "ರೇಲ್ವೆ ಕ್ವಾರ್ಟರ್ಸಿನ್ಯಾಗ ಎರಡ ಖೋಲಿ, ಎಂಟ ಮಂದಿ ಇದ್ವಿ. ಅತ್ತಿ, ಮಾವ, ಮೈದುನರು, ಮಕ್ಕಳು. ನಾವಿಬ್ರ ಮಾತಾಡಿದ್ದೆಲ್ಲಾ ಈ ಕಾರಿನ್ಯಾಗ ನೋಡಪಾ. ಮನ್ಯಾಗ ಮಾತಾಡೂ ರೂಢಿನ ಇಲ್ಲ ಅವರಿಗೆ. ಈಗ ಇದರ ಗದ್ದಲದಾಗ ಅವರ ದನಿ ನನಗ ಕೇಳಸ್ತಿದ್ದಿಲ್ಲ. ನಾಕ ಸಲ 'ಏನು' ಅಂದೆ. ಐದನೇ ಸಲ ಅವರು ಹೇಳಲಿಲ್ಲ."

ನಾನು ಇನ್ನೊಂದು ಬಟ್ಟೆ ತೆಗೆದುಕೊಂಡು ಹಿಂದಿನ ಗಾಜು ಒರೆಸತೊಡಗಿದೆ. ಇಷ್ಟು ದಿನದ ನನ್ನ ಸಿಟ್ಟಿಗೆಲ್ಲ ನಾಚಿಕೆಯಾಯಿತು.

ಹೊರಟೆವು. ಅವರಿಬ್ಬರು ಮುಂದೆ, ನಾನು ಹಿಂದೆ. ಊರಿನ ಮೇಲ್ಸೇತುವೆ ಏರುವಾಗ ಕಾರು ಮೊದಲಿಗಿಂತ ಜಾಸ್ತಿ ಏದುಸಿರು ಬಿಟ್ಟಿತು, ನಿಜ. ಊರು ದಾಟಿದ ಮೇಲೆ ಮುಳ್ಳು ನಲವತ್ತಕ್ಕೆ ಬಂತು, ಅಂದರೆ ಐವತ್ತು. ಇಂಜಿನ್ನು ಮೆಲ್ಲಗೆ ಗುಂಯ್ ಅನ್ನುತ್ತಿತ್ತು, ಅಷ್ಟೇ. ದೊಡ್ಡಪ್ಪ ಹೊರಗಿನ ಹೊಲಗಳನ್ನು ನೋಡುತ್ತ ಕೂತಿದ್ದರು. ಐದು ನಿಮಿಷ ಹೋಯಿತು, ಹತ್ತು ಹೋಯಿತು, ಮಾತಿಲ್ಲ. ದೊಡ್ಡವ್ವನ ಕೈ ಸ್ಟೀರಿಂಗನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ, ಮಾತಾಡಿ ದೊಡ್ಡಪ್ಪಾ ಎಂದು ನಾನೇ ಕೂಗಿಬಿಡುವುದರಲ್ಲಿದ್ದೆ.

"ಹತ್ತಿ ಒಡದೈತಿ ನೋಡು" ಎಂದರು ದೊಡ್ಡಪ್ಪ, ಅದೇ ತೆಳ್ಳನೆಯ ದನಿಯಲ್ಲಿ.

"ಹೂಂ ರೀ, ಈ ಸಲ ಜಲ್ದಿನ ಒಡದೈತಿ" ಎಂದಳು ದೊಡ್ಡವ್ವ.

ಏನು ಎಂದು ಕೇಳಲಿಲ್ಲ! ದೊಡ್ಡಪ್ಪ ತಿರುಗಿ ಅವಳನ್ನು ನೋಡಿದರು. ಒಂದು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡು ಏನೋ ಹೇಳಿದರು, ಆಮೇಲೆ ಇನ್ನೊಂದು. ಅದು ನನಗೆ ಹೇಳಿದ ಮಾತಲ್ಲ. ನಾನು ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡೆ. ಸಾವನೇರ್ ಬಂತು. ದೊಡ್ಡಪ್ಪನ ಮಾತು ಇನ್ನೂ ಮುಗಿದಿರಲಿಲ್ಲ. ದೊಡ್ಡವ್ವ ಕಾರು ವಾಪಸ್ ತಿರುಗಿಸಲಿಲ್ಲ, ಮುಂದೆ ಓಡಿಸಿದಳು.