ಅಕ್ಕನ ‘ಮತ್ತ?’

ಮನುಷ್ಯ ಮಾತು ಕಲಿತದ್ದು ‘ಹುಲಿ ಬಂತು, ಓಡು’ ಎಂದು ಹೇಳುವುದಕ್ಕೇ ಎಂದು ನಾನು ನಂಬಿದ್ದೆ. ಅಣ್ಣಿಗೇರಿಯಲ್ಲಿ ಕಡಲೆ, ಮೆಣಸಿನಕಾಯಿ ವ್ಯಾಪಾರ ಮಾಡಿ ತಲೆ ಎತ್ತಿದವನು ನಾನು. ಕೆಲಸವಿಲ್ಲದ ಮಾತು ಕಡಲೆ ಚೀಲದೊಳಗಿನ ಕಲ್ಲು ಎಂದು ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುತ್ತಿದ್ದೆ.

ಕುಬಿಹಾಳದಲ್ಲಿರುವ ನನ್ನ ಅಕ್ಕ ಮಾತ್ರ ಜಗ್ಗಲಿಲ್ಲ. ದಿನಾ ಬೆಳಿಗ್ಗೆ ಅವಳ ಫೋನು. “ಚಾ ಆತೇನೋ?” “ಆತು.” “ಮತ್ತ?” “ಮತ್ತೇನಿಲ್ಲ.” “ಮತ್ತ?” ನಮ್ಮ ಕಡೆಯ ಈ ‘ಮತ್ತ’ಕ್ಕೆ ಅರ್ಥವೂ ಇಲ್ಲ, ಉತ್ತರವೂ ಇಲ್ಲ, ಅದಿಲ್ಲದೆ ಯಾರೂ ಫೋನು ಇಡುವುದೂ ಇಲ್ಲ. ಒಮ್ಮೆ ಗಿರಾಕಿ ಎದುರಿಗೆ ಕೂತಿದ್ದಾಗ ರೇಗಿ, “ಯಕ್ಕಾ, ಏನರ ಕೆಲಸಿದ್ರ ಅಷ್ಟ ಫೋನ್ ಹಚ್ಚಬೇ” ಎಂದುಬಿಟ್ಟೆ.

ಅಕ್ಕ ನನ್ನ ಬುದ್ಧಿವಾದ ಪಾಲಿಸಿದ್ದು ಅದೊಂದೇ ಸಲ. ಫೋನು ನಿಂತಿತು. ಮೊದಲು ಲಾಭ ಅನ್ನಿಸಿತು. ಆಮೇಲೆ ಚಹಾ ಸಪ್ಪೆ ಅನ್ನಿಸತೊಡಗಿತು. ಹೆಂಡತಿಯನ್ನು ಕೇಳಿದರೆ, “ಸಕ್ಕರಿ ಅಷ್ಟ ಐತ್ರಿ. ಅಕ್ಕಾರ ಮಾತ ಕಮ್ಮಿ ಆಗ್ಯಾವ” ಎಂದಳು.

ಬಾಜೂ ಮನೆಯ ಮಾಸ್ತರರ ಹತ್ತಿರ ಹೇಳಿಕೊಂಡೆ. ಅವರು ಮಂಗಗಳ ಕಥೆ ತೆಗೆದರು. ಮಂಗಗಳು ಒಂದರ ಹೇನು ಇನ್ನೊಂದು ಹೆಕ್ಕುವುದು ‘ನೀನು ನನ್ನವನು’ ಎನ್ನುವುದಕ್ಕೂ ಹೌದಂತೆ. ನಮ್ಮ ಹಿರಿಯರ ಗುಂಪು ದೊಡ್ಡದಾಗಿ, ಎಲ್ಲರ ತಲೆಗೂ ಕೈ ಸಾಲದಾದಾಗ ಆ ಕೆಲಸಕ್ಕೆ ಬಾಯಿ ನಿಂತಿತು, ಮಾತು ಹುಟ್ಟಿದ್ದೇ ಹಾಗೆ ಎಂದು ಕೆಲವರ ಅಭಿಪ್ರಾಯವಂತೆ. “ನಿಮ್ಮ ಅಕ್ಕಾರು ದಿನಾ ಕುಬಿಹಾಳದಿಂದ ನಿಮ್ಮ ತಲಿ ಮ್ಯಾಲೆ ಕೈ ಆಡಸ್ತಿದ್ರು. ನೀವು ಆ ಕೈ ಸರಿಸಿಬಿಟ್ರಿ” ಎಂದರು.

ಮನೆಗೆ ಬಂದು ನಾನೇ ಫೋನು ಹಚ್ಚಿದೆ.

“ಏನ್ ಕೆಲಸಿತ್ತು?” ಎಂದಳು ಅಕ್ಕ.

“ಊರಾಗ ಮಳಿ ಆತೇನು?”

“ಆತು. ಫೋನ್ ಇಡ್ಲ್ಯಾ?”

ಮೂಕ ಗಿರಾಕಿಯನ್ನೂ ಮಾತಿಗೆ ಎಳೆಯುವ ನಾನು “ಹೂಂ, ಇಡು” ಎಂದುಬಿಟ್ಟೆ. ಮರುದಿನ ಕುಬಿಹಾಳದ ಬಸ್ಸು ಹತ್ತಿದೆ.

ಅಕ್ಕ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. “ಯಾಕ ಬಂದಿ?” ಎಂದಳು. ಹೊಲದ ಕಡಲೆ ನೋಡಲು ಬಂದೆ ಎನ್ನಲು ದಾರಿಯುದ್ದಕ್ಕೂ ತಯಾರಾಗಿದ್ದೆ. ಬಾಯಿಂದ ಬಂದದ್ದು, “ಸುಮ್ಮನ.”

ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. “ಹಂಗಾರ ದಿನಾ ಫೋನ್ ಹಚ್ಚಲೇನು?”

“ದಿನಾ ಬ್ಯಾಡಬೇ, ದಿನ ಬಿಟ್ಟು ದಿನಾ...” ಕಸುಬಿನ ನಾಲಿಗೆ, ಜಾರಿಬಿಟ್ಟಿತು.

“ಲೇ, ಅಕ್ಕನ ಕೂಡಾನೂ ಚೌಕಾಶಿ? ದಿನಕ್ಕ ಎರಡ ಸಲ!” ಎಂದು ನಕ್ಕಳು.

“ಆತಬೇ” ಎಂದೆ, ಮತ್ತೆ ದರ ಏರುವ ಮೊದಲೇ.

ಮರಳುವಾಗ ಬಸ್ಸಿನಲ್ಲಿ ಬಾಜು ಕೂತವನಿಗೆ ಇದನ್ನೆಲ್ಲ ಅಣ್ಣಿಗೇರಿ ಮುಟ್ಟುವತನಕ ಹೇಳಿದೆ. ಪಾಪ, ಅವನು ಎರಡು ಊರು ಹಿಂದೆಯೇ ಇಳಿಯಬೇಕಿತ್ತಂತೆ.